ಹ್ಯಾಂಗ್ ಆಗುವ ಕಂಪ್ಯೂಟರ್: ರೋಗ ಯಂತ್ರದ್ದೋ, ಕೋಣೆಯದೋ?

ತುಂಗೆ ಮತ್ತು ಭದ್ರೆ ಗಂಗಾಮೂಲದ ಕಾಡಿನಲ್ಲಿ ಹುಟ್ಟಿ, ಕೂಡಲಿಯಲ್ಲಿ ಒಂದಾಗಿ, ಹೊಸಪೇಟೆಯ ಬಳಿ ಅಣೆಕಟ್ಟೆಯ ಹಿಂದೆ ನಿಂತು, ಎಡದಂಡೆ ಕಾಲುವೆಯ ಮೂಲಕ ಮಾನ್ವಿಯ ಭತ್ತದ ಗದ್ದೆಗಳನ್ನು ತಲುಪುತ್ತವೆ. ಮಲೆನಾಡಿನ ಮಳೆಗೂ ರಾಯಚೂರು ಸೀಮೆಯ ಅನ್ನಕ್ಕೂ ಇರುವ ಈ ನಂಟು ಎಲ್ಲರಿಗೂ ತಿಳಿದದ್ದೇ. ವಿದ್ಯುತ್ತಿನ ನಂಟೂ ಅಂಥದ್ದೇ. ಶರಾವತಿ ಕಣಿವೆಯ ವಿದ್ಯುದಾಗಾರಗಳೂ ರಾಯಚೂರಿನ ಶಕ್ತಿನಗರದ ಉಷ್ಣ ಸ್ಥಾವರವೂ ಒಂದೇ ಜಾಲಕ್ಕೆ ವಿದ್ಯುತ್ತನ್ನು ಹರಿಸುತ್ತವೆ. ಈ ಎರಡು ಸೀಮೆಗಳನ್ನು ಬೆಸೆಯುವ ಮೂರನೆಯ ಸಂಗತಿಯೊಂದಿದೆ. ಅದನ್ನು ಯಾರೂ ಪರಿಸರದ ವಿಷಯವೆಂದು ಎಣಿಸಿಲ್ಲ. ಮೇಜಿನ ಮೇಲೆ ಕುಳಿತ ಕಂಪ್ಯೂಟರ್ ಹೇಳದೆ ಕೇಳದೆ ನಿಂತುಬಿಡುತ್ತದೆ. ಪರದೆಯ ಮೇಲಿನ ಬಾಣ ಅಲುಗುವುದಿಲ್ಲ, ಕೀಲಿ ಒತ್ತಿದರೆ ಅಕ್ಷರ ಮೂಡುವುದಿಲ್ಲ. ಮಲೆನಾಡಿನಲ್ಲಿ ಥಂಡಿ ಮತ್ತು ಸಿಡಿಲು, ರಾಯಚೂರಿನಲ್ಲಿ ಬಿಸಿಲು ಮತ್ತು ಧೂಳು. ಕಾರಣಗಳು ಬೇರೆಯಾದರೂ ಕೊನೆಗೆ ಯಂತ್ರ ಸೇರುವ ಗುಜರಿ ಒಂದೇ. ರಾಯಚೂರಿನಲ್ಲಿ ಕಾರಣಗಳು ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟವಾಗಿರುವುದರಿಂದ ಅಲ್ಲಿಂದಲೇ ಆರಂಭಿಸುವುದು ಉಚಿತ.

ಈ ಯಂತ್ರ ನಿಂತರೆ ಏನು ನಿಲ್ಲುತ್ತದೆ ಎಂಬುದನ್ನು ಮೊದಲು ನೋಡಬೇಕು. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಆರಂಭವಾದ ಭೂಮಿ ಯೋಜನೆಯು ಕರ್ನಾಟಕದ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಆರಂಭದ ವರ್ಷಗಳಲ್ಲಿ 15 ರೂಪಾಯಿ ಕೊಟ್ಟರೆ ತಾಲ್ಲೂಕು ಕೇಂದ್ರದಲ್ಲಿ ಪಹಣಿಯ ಪ್ರತಿ ಕೈಗೆ ಬರುತ್ತಿತ್ತು. ಕೈಬರಹದ ಪಹಣಿಯ ಕಾಲ ಅಲ್ಲಿಗೆ ಮುಗಿಯಿತು. ಅಂದಿನಿಂದ ಸಾಲ, ಬೆಳೆ ವಿಮೆ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನ ಎಲ್ಲವೂ ಒಂದೊಂದಾಗಿ ಅದೇ ಪರದೆಯ ಹಿಂದೆ ಸರಿದವು. ದೇವದುರ್ಗ ತಾಲ್ಲೂಕಿನ ಹಳ್ಳಿಯಿಂದ ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ಬಂದವರಿಗೆ ‘ಸಿಸ್ಟಂ ಹ್ಯಾಂಗ್ ಆಗ್ಯಾದ್ರಿ, ನಾಳಿ ಬರ್ರಿ’ ಎಂಬ ಉತ್ತರ ಸಿಕ್ಕಾಗ ನಷ್ಟವಾಗುವುದು ಆ ಒಂದು ದಿನ ಮಾತ್ರವಲ್ಲ. ವಿಮೆಯ ಕಂತು ಕಟ್ಟಲು ಕೊನೆಯ ದಿನ ಅದೇ ಆಗಿದ್ದರೆ ಇಡೀ ಮುಂಗಾರು ಬೆಳೆಯ ಭದ್ರತೆಯೇ ಕೈಬಿಟ್ಟಂತೆ.

ಹೀಗೆ ನಿಂತ ಪೆಟ್ಟಿಗೆಯನ್ನು ಏನು ಮಾಡುತ್ತಾರೆ? ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ರಾಯಚೂರಿಗೆ ಒಯ್ಯುತ್ತಾರೆ. ದುರಸ್ತಿಯ ಅಂಗಡಿಯಲ್ಲಿ ಅದು ದಿನವಿಡೀ ಅಡಚಣೆಯಿಲ್ಲದೆ ಓಡುತ್ತದೆ. ‘ಏನೂ ಆಗಿಲ್ಲ’ ಎಂದು ದುರಸ್ತಿಗಾರ ಹೇಳುತ್ತಾನೆ; ಬಂದವನು ಬರಿಗೈಯಲ್ಲಿ ಹೋಗಬಾರದೆಂದು ಒಮ್ಮೆ ಫಾರ್ಮ್ಯಾಟ್ ಮಾಡಿ ಕೊಡುತ್ತಾನೆ. ಊರಿಗೆ ಮರಳಿದ ಮೂರನೆಯ ದಿನ ಮಧ್ಯಾಹ್ನ ಅದು ಮತ್ತೆ ನಿಲ್ಲುತ್ತದೆ. ಇಂಥ ಎರಡು ಪ್ರಯಾಣಗಳಾದ ಮೇಲೆ ‘ಇದು ಹಳೆಯದಾಯಿತು’ ಎಂಬ ತೀರ್ಪು ಹೊರಬಿದ್ದು ಹೊಸದಕ್ಕೆ ಅರ್ಜಿ ಹೋಗುತ್ತದೆ. ಹೊಸದೂ ಅದೇ ಕೋಣೆಯಲ್ಲಿ, ಅದೇ ಪ್ಲಗ್ಗಿಗೆ, ಅದೇ ಪಡುಗೋಡೆಗೆ ಒರಗಿ ಕುಳಿತುಕೊಳ್ಳುತ್ತದೆ. ಅಂಗಡಿಯಲ್ಲಿ ಆರೋಗ್ಯವಾಗಿದ್ದ ಯಂತ್ರ ಊರಿನಲ್ಲಿ ಮಾತ್ರ ಕಾಯಿಲೆ ಬೀಳುವುದಾದರೆ, ಪರೀಕ್ಷಿಸಬೇಕಾದದ್ದು ಮೊದಲು ಕೋಣೆಯನ್ನಲ್ಲವೇ? (ಕೆಲವೊಮ್ಮೆ ಬಸ್ಸಿನ ಕುಲುಕಾಟಕ್ಕೇ ಸಡಿಲಾಗಿದ್ದ ಬಿಡಿಭಾಗ ಸರಿಯಾಗಿ ಕುಳಿತು ರೋಗ ವಾಸಿಯಾಗುವುದೂ ಉಂಟು. ಆಗ ಕೀರ್ತಿ ಮಾತ್ರ ಫಾರ್ಮ್ಯಾಟಿಗೆ ಸಲ್ಲುತ್ತದೆ.)

ಫಾರ್ಮ್ಯಾಟ್ ಮಾಡುವ ಈ ಅವಸರವು ಗಿಡ ಬಾಡಿದ ಕೂಡಲೇ ಔಷಧಿ ಅಂಗಡಿಗೆ ಓಡುವ ಅವಸರಕ್ಕೆ ಸಮಾನ. ಬಾಡಿದ ಗಿಡಕ್ಕೆ ನೀರಿನ ಕೊರತೆಯಿರಬಹುದು, ನೀರು ನಿಂತು ಬೇರು ಕೊಳೆತಿರಬಹುದು, ಬೇರುಹುಳು ತಗಲಿರಬಹುದು. ಮೇಲಿನಿಂದ ನೋಡಿದರೆ ಮೂರೂ ಒಂದೇ. ಅಗೆದು ನೋಡದೆ ಸಿಂಪಡಿಸಿದರೆ ಹಣವೂ ಹೋಯಿತು, ಮಣ್ಣೂ ಕೆಟ್ಟಿತು. ಕಂಪ್ಯೂಟರಿನಲ್ಲಿಯೂ ಮೂರು ಬಗೆಯ ಕಾಯಿಲೆಗಳನ್ನು ಬೇರ್ಪಡಿಸಿ ನೋಡಬೇಕು. ನಿಧಾನವಾಗುವುದು ಒಂದು, ತಾನೇ ಆರಿ ಹೊತ್ತಿಕೊಳ್ಳುವುದು ಇನ್ನೊಂದು, ಇದ್ದಲ್ಲಿಯೇ ಸ್ತಂಭಿಸುವುದು ಮತ್ತೊಂದು. ಸ್ತಂಭಿಸಿದಾಗ ಕೀಲಿಮಣೆಯ ನಮ್ ಲಾಕ್ ಕೀಲಿಯನ್ನು ಒತ್ತಿ ನೋಡಬೇಕು. ಅದರ ಪುಟ್ಟ ದೀಪ ಹೊತ್ತಿ ಆರುತ್ತಿದ್ದರೆ ಯಂತ್ರದ ಒಳಗೆ ಇನ್ನೂ ಜೀವವಿದೆ, ಯಾವುದೋ ತಂತ್ರಾಂಶ ಅಥವಾ ಪರದೆಯ ಭಾಗ ಮಾತ್ರ ಸಿಕ್ಕಿಕೊಂಡಿರುವ ಸಂಭವ ಹೆಚ್ಚು. ದೀಪವೂ ಮಿಸುಕದಿದ್ದರೆ ಇಡೀ ಯಂತ್ರವೇ ಸ್ತಬ್ಧ. ಆಗ ಸಂಶಯ ವಿದ್ಯುತ್ತು, ಶಾಖ, ರ್ಯಾಮ್ ಮುಂತಾದವುಗಳತ್ತ ತಿರುಗಬೇಕು.

ಇದಕ್ಕಿಂತ ಮುಖ್ಯವಾದ ಉಪಕರಣ ಎರಡು ರೂಪಾಯಿಯ ಪೆನ್ನು ಮತ್ತು ಒಂದು ನೋಟ್‌ಬುಕ್. ‘ಯಾವಾಗ ಬೇಕೆಂದರೆ ಆವಾಗ ಹ್ಯಾಂಗ್ ಆಗುತ್ತದೆ’ ಎನ್ನುವವರ ಮಾತನ್ನು ಯಥಾವತ್ತಾಗಿ ನಂಬುವ ಅಗತ್ಯವಿಲ್ಲ. ದಿನಾಂಕ, ಗಂಟೆ, ಆಗ ನಡೆಯುತ್ತಿದ್ದ ಕೆಲಸ, ಕರೆಂಟು ಇತ್ತೋ ಯುಪಿಎಸ್ ಮೇಲೆ ಓಡುತ್ತಿತ್ತೋ, ಯಂತ್ರ ಹಚ್ಚಿ ಎಷ್ಟು ಹೊತ್ತಾಗಿತ್ತು – ಇಷ್ಟನ್ನು ಎರಡು ವಾರ ಬರೆದಿಟ್ಟರೆ ಅವ್ಯವಸ್ಥೆಯೊಳಗಿನ ವ್ಯವಸ್ಥೆ ಕಾಣಿಸತೊಡಗುತ್ತದೆ. ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಲೇಸರ್ ಪ್ರಿಂಟರು ಕಾಗದದ ಮೇಲೆ ಶಾಯಿಪುಡಿಯನ್ನು ಕರಗಿಸಿ ಅಂಟಿಸಲು ಒಳಗಿನ ಉರುಳೆಯನ್ನು ಕಾಯಿಸುತ್ತದೆ. ಆ ಕ್ಷಣದಲ್ಲಿ ಅದು ಹಲವು ನೂರು ವ್ಯಾಟ್ ವಿದ್ಯುತ್ತನ್ನು ಒಮ್ಮೆಲೇ ಎಳೆಯುತ್ತದೆ. ಆ ಪ್ರಿಂಟರನ್ನು ಕಂಪ್ಯೂಟರಿನ ಜೊತೆಗೆ ಒಂದೇ ಸಣ್ಣ ಯುಪಿಎಸ್‌ಗೆ ಸಿಕ್ಕಿಸಿದ್ದರೆ ವೋಲ್ಟೇಜು ಕುಸಿದು ಕಂಪ್ಯೂಟರ್ ನಿಲ್ಲುತ್ತದೆ. ಪ್ರತಿಸಲವೂ ಅಲ್ಲ, ಬ್ಯಾಟರಿ ಸೊರಗಿದ್ದಾಗ, ಪ್ರಿಂಟರು ತಣ್ಣಗಿದ್ದಾಗ ಮಾತ್ರ. ಆದ್ದರಿಂದಲೇ ಅದು ಯಾದೃಚ್ಛಿಕವೆಂದು ತೋರುತ್ತದೆ. ನೋಟ್‌ಬುಕ್ಕಿನಲ್ಲಿ ‘ಪ್ರಿಂಟ್ ಕೊಟ್ಟಾಗ’ ಎಂಬ ಮಾತು ನಾಲ್ಕು ಸಲ ಬಂದರೆ ಗುಟ್ಟು ಹೊರಬಿದ್ದಂತೆ. ಪ್ರಿಂಟರಿನ ಪ್ಲಗ್ಗನ್ನು ಯುಪಿಎಸ್‌ನಿಂದ ಕಿತ್ತು ಗೋಡೆಗೆ ಹಾಕುವುದಕ್ಕೆ ಕಾಸೂ ಖರ್ಚಿಲ್ಲ.

ಇನ್ನು ಶಾಖ. ಏಪ್ರಿಲ್ ಮೇ ತಿಂಗಳಲ್ಲಿ ರಾಯಚೂರು ಸೀಮೆಯ ಉಷ್ಣಾಂಶ 42-43 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಕಂಪ್ಯೂಟರಿನೊಳಗಿನ ಪುಟ್ಟ ಫ್ಯಾನು ತಂಪನ್ನು ಸೃಷ್ಟಿಸುವುದಿಲ್ಲ, ಕೋಣೆಯ ಗಾಳಿಯನ್ನು ಒಳಗೆ ತೂರಿಸುತ್ತದೆ ಅಷ್ಟೆ. ಗಾಳಿಯೇ 40 ಡಿಗ್ರಿ ಇದ್ದರೆ ಪೆಟ್ಟಿಗೆಯ ಒಳಗು ಅದಕ್ಕಿಂತ ಬಿಸಿಯಾಗಿಯೇ ಇರುತ್ತದೆ. ಪೆಟ್ಟಿಗೆಯನ್ನು ಮೇಜಿನ ಕೆಳಗಿನ ಮರದ ಗೂಡಿನಲ್ಲಿ ತುರುಕಿ ಬಾಗಿಲು ಹಾಕುವ ಪದ್ಧತಿಯಂತೂ ಯಂತ್ರವನ್ನು ಒಲೆಯ ಮೇಲೆ ಇಟ್ಟಂತೆ. ಆ ಮೇಲೆ ಧೂಳು. ಅಕ್ಕಿ ಗಿರಣಿಗಳ ತೌಡು, ಹತ್ತಿ ಜಿನ್ನಿಂಗ್ ಕಾರ್ಖಾನೆಗಳ ಎಳೆ, ಬೇಸಿಗೆಯ ಕೆಂಧೂಳು ಸೇರಿ ಪ್ರೊಸೆಸರಿನ ಮೇಲಿರುವ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಕಂಬಳಿಯಂತೆ ಹೆಣೆದುಕೊಳ್ಳುತ್ತವೆ. ಹತ್ತಿಯ ಎಳೆಯಿರುವ ಧೂಳು ಬರಿಯ ಮಣ್ಣಿನ ಧೂಳಿಗಿಂತ ಕೆಟ್ಟದ್ದು; ಅದು ಉದುರುವುದಿಲ್ಲ, ಜಮಖಾನದಂತೆ ಗಟ್ಟಿಯಾಗುತ್ತದೆ. ಫ್ಯಾನು ತಿರುಗುತ್ತಿರುತ್ತದೆ, ಗಾಳಿ ಮಾತ್ರ ಹಾಯುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಎಲ್ಲವೂ ಸರಿಯಾಗಿದೆಯೆಂದೇ ಅನಿಸುತ್ತದೆ.

ಶಾಖದ ಹಾನಿ ತತ್‌ಕ್ಷಣದ ಸ್ತಂಭನಕ್ಕೆ ಸೀಮಿತವಲ್ಲ. ಮದರ್‌ಬೋರ್ಡಿನ ಮೇಲೆ ಪುಟ್ಟ ಡಬ್ಬಿಗಳಂತೆ ನಿಂತಿರುವ ಕೆಪಾಸಿಟರುಗಳ ಒಳಗೆ ದ್ರವವಿರುತ್ತದೆ. ಉಷ್ಣಾಂಶ 10 ಡಿಗ್ರಿ ಏರಿದರೆ ಅವುಗಳ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಂಜಿನಿಯರುಗಳು ಬಹುಕಾಲದಿಂದ ಬಳಸುತ್ತಿರುವ ಲೆಕ್ಕ. ಇದೇ ಶತಮಾನದ ಆರಂಭದ ವರ್ಷಗಳಲ್ಲಿ ಕಳಪೆ ದ್ರವ ತುಂಬಿದ ಕೆಪಾಸಿಟರುಗಳು ಜಗತ್ತಿನಾದ್ಯಂತ ಲಕ್ಷಾಂತರ ಮದರ್‌ಬೋರ್ಡುಗಳನ್ನು ಕೆಡಿಸಿದ್ದವು. ಅವುಗಳ ತಲೆ ಉಬ್ಬಿ, ಕಂದುಬಣ್ಣದ ಅಂಟು ಸೋರಿ, ಯಂತ್ರ ಮೊದಲು ಅಪರೂಪಕ್ಕೆ, ಆಮೇಲೆ ದಿನವೂ ನಿಲ್ಲುತ್ತಿತ್ತು. ಕೆಪಾಸಿಟರಿನ ಚಪ್ಪಟೆಯಾದ ತಲೆ ಉಬ್ಬಿದೆಯೇ ಎಂದು ನೋಡಲು ಪದವಿ ಬೇಕಿಲ್ಲ, ಟಾರ್ಚು ಸಾಕು. ಅಂಥವನ್ನು ಬಿಚ್ಚಿ ಹೊಸದನ್ನು ಬೆಸೆಯಬಲ್ಲ ಕೈಗಳು ರಾಯಚೂರು ನಗರದಲ್ಲಿವೆ, ಶಿವಮೊಗ್ಗ ಶಿರಸಿಗಳಲ್ಲಿಯೂ ಇವೆ. ಒಂದು ಕೆಪಾಸಿಟರಿನ ಬೆಲೆ ಚಹಾದ ಬೆಲೆಯ ಆಸುಪಾಸು.

ಧೂಳು ತೆಗೆಯುವುದು ಹೇಗೆಂಬುದನ್ನೂ ಹೇಳಬೇಕು, ಏಕೆಂದರೆ ಅವಸರದ ಶುಚಿತ್ವದಿಂದ ಕೆಟ್ಟ ಯಂತ್ರಗಳೂ ಕಡಿಮೆಯಿಲ್ಲ. ಪ್ಲಗ್ ಕಿತ್ತು ಹತ್ತು ನಿಮಿಷ ಬಿಡಬೇಕು. ಒದ್ದೆ ಬಟ್ಟೆ ಸಲ್ಲದು. ಮೆತ್ತನೆಯ ಬ್ರಷ್ಷು ಅಥವಾ ಸಣ್ಣ ಬ್ಲೋಯರು ಬಳಸುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು, ಗಾಳಿಯ ರಭಸಕ್ಕೆ ಮಿತಿಮೀರಿ ತಿರುಗಿದರೆ ಅದರ ಬೇರಿಂಗು ಕೆಡುತ್ತದೆ. ಪ್ರೊಸೆಸರಿಗೂ ರೆಕ್ಕೆಗಳಿಗೂ ನಡುವಿನ ಬಿಳಿ ಲೇಪ ಒಣಗಿ ಬಿರಿದಿದ್ದರೆ ಒರೆಸಿ, ಕಡಲೆಕಾಳಿನಷ್ಟು ಹೊಸ ಲೇಪ ಹಚ್ಚಬೇಕು. ಎಸ್‌ಎಂಪಿಎಸ್ ಎಂಬ ವಿದ್ಯುತ್ ಡಬ್ಬಿಯನ್ನು ಮಾತ್ರ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ತು ಉಳಿದಿರುತ್ತದೆ.

ಅತ್ಯಂತ ಕಡೆಗಣನೆಗೆ ಒಳಗಾದ ಕಾರಣ ನೆಲದಲ್ಲಿ ಅಡಗಿದೆ. ಶಕ್ತಿನಗರದ ಸ್ಥಾವರ 1985ರಲ್ಲಿ ಮೊದಲ ಘಟಕದೊಂದಿಗೆ ಆರಂಭವಾಗಿ, ಈಗ ಎಂಟು ಘಟಕಗಳಲ್ಲಿ 1720 ಮೆಗಾವ್ಯಾಟ್ ಸಾಮರ್ಥ್ಯ ಹೊಂದಿದೆ. ನಾಡಿಗೆ ಬೆಳಕು, ಊರಿಗೆ ಹಾರುಬೂದಿ ಎಂಬ ದೂರು ಅಲ್ಲಿ ಹಳೆಯದು. ಆದರೆ ಸ್ಥಾವರ ಹತ್ತಿರವಿದ್ದ ಮಾತ್ರಕ್ಕೆ ಹಳ್ಳಿಯ ಕೊನೆಯ ಕಂಬದಲ್ಲಿ ಒಳ್ಳೆಯ ವಿದ್ಯುತ್ತು ಇರಬೇಕೆಂದಿಲ್ಲ. ಪಂಪ್‌ಸೆಟ್ಟುಗಳು ಒಟ್ಟಿಗೆ ಹೊರಟಾಗ ವೋಲ್ಟೇಜು ಕುಸಿಯುತ್ತದೆ, ಒಟ್ಟಿಗೆ ನಿಂತಾಗ ಜಿಗಿಯುತ್ತದೆ. ಇದನ್ನು ಸ್ಟೆಬಿಲೈಸರು, ಯುಪಿಎಸ್ ತಕ್ಕಮಟ್ಟಿಗೆ ತಡೆಯುತ್ತವೆ. ಅವು ತಡೆಯಲಾರದ್ದು ಅರ್ಥಿಂಗಿನ ದೋಷ.

ಇಲ್ಲಿ ಮಣ್ಣಿನ ಗುಣ ತಿಳಿದವರ ಮಾತಿಗೆ ಬೆಲೆಯಿದೆ. ಮಾನ್ವಿ ಮತ್ತು ದೇವದುರ್ಗದ ಎರೆಹೊಲಗಳ ಜೇಡಿಯು ಒದ್ದೆಯಾದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮಳೆಗಾಲದಲ್ಲಿ ಅದು ವಿದ್ಯುತ್ತನ್ನು ಸಲೀಸಾಗಿ ನೆಲಕ್ಕೆ ಇಳಿಸುವ ಮಣ್ಣು. ಅದೇ ಮಣ್ಣು ಮಾರ್ಚ್ ಬಂತೆಂದರೆ ಕೈ ಇಳಿಯುವಷ್ಟು ಅಗಲಕ್ಕೆ ಬಿರಿಯುತ್ತದೆ, ಹೂತಿಟ್ಟ ಪೈಪನ್ನು ಬಿಟ್ಟು ಸರಿಯುತ್ತದೆ. ಪೈಪು ಮತ್ತು ಮಣ್ಣಿನ ನಡುವೆ ಗಾಳಿ ಸೇರಿದ ಮೇಲೆ ಅರ್ಥಿಂಗ್ ಎಂಬುದು ಹೆಸರಿಗಷ್ಟೇ ಉಳಿಯುತ್ತದೆ. ಕಂಪ್ಯೂಟರಿನ ಲೋಹದ ಪೆಟ್ಟಿಗೆಯನ್ನು ಮುಟ್ಟಿದರೆ ಬೆರಳು ಜುಮ್ಮೆನ್ನುವುದು, ಮಾನಿಟರಿನಲ್ಲಿ ಅಲೆಗಳು, ಪೆನ್‌ಡ್ರೈವ್ ಹಾಕಿದಾಗ ಯಂತ್ರ ನಿಲ್ಲುವುದು ಇದರ ಲಕ್ಷಣಗಳು. ಮಳೆಗಾಲದಲ್ಲಿ ಸರಿಯಿದ್ದು ಬೇಸಿಗೆಯಲ್ಲಿ ಕೆಡುವುದರಿಂದ ಎಲ್ಲರೂ ಬಿಸಿಲನ್ನೇ ದೂರುತ್ತಾರೆ. ಬಿಸಿಲು ಮೇಲಿನಿಂದ ಮಾಡುವ ಹಾನಿಯಷ್ಟನ್ನೇ ಕೆಳಗಿನಿಂದಲೂ ಮಾಡುತ್ತಿರಬಹುದೆಂಬುದು ಹೊಳೆಯುವುದಿಲ್ಲ. ಬಲ್ಲ ಎಲೆಕ್ಟ್ರಿಷಿಯನ್ ಒಬ್ಬನಿಂದ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜನ್ನು ಅಳೆಸಬೇಕು. ಅದು ಎರಡು ಮೂರು ವೋಲ್ಟ್ ಮೀರಬಾರದು. ಮೀರಿದ್ದರೆ ಇದ್ದಿಲು ಉಪ್ಪು ತುಂಬಿದ ಗುಂಡಿಗೆ ಕೆಲವು ದಿನ ನೀರು ಹಾಕಿ ಮತ್ತೆ ಅಳೆಯಬೇಕು. ಮಲೆನಾಡಿನ ಜಂಬಿಟ್ಟಿಗೆ ನೆಲದಲ್ಲಿ ತೊಂದರೆ ಇನ್ನೊಂದು ಬಗೆಯದು; ಅಲ್ಲಿ ಕಲ್ಲುನೆಲವೇ ವಿದ್ಯುತ್ತನ್ನು ಒಲ್ಲೆನ್ನುತ್ತದೆ, ಮೇಲಾಗಿ ಸಿಡಿಲು ಹುಡುಕಿಕೊಂಡು ಬರುತ್ತದೆ.

ಉಳಿದ ಕಾರಣಗಳು ಎಲ್ಲ ಸೀಮೆಗಳಿಗೂ ಸಾಮಾನ್ಯ. ಏನನ್ನು ಮುಟ್ಟುವುದಕ್ಕೂ ಮುನ್ನ ಕಡತಗಳ ಪ್ರತಿಯನ್ನು ಬೇರೆಡೆ ಇಡಬೇಕು, ಏಕೆಂದರೆ ಹಾರ್ಡ್ ಡಿಸ್ಕ್ ಸಾಯುವ ಮುನ್ನ ಕೊಡುವ ಸೂಚನೆಯೂ ಹೀಗೆಯೇ ಇರುತ್ತದೆ: ಯಂತ್ರ ನಿಂತಾಗ ಡಿಸ್ಕಿನ ದೀಪ ಆರದೆ ಉರಿಯುತ್ತದೆ, ಒಳಗೆ ಟಕ್ ಟಕ್ ಸದ್ದು. ರ್ಯಾಮ್ ಪಟ್ಟಿಯನ್ನು ತೆಗೆದು ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮರಳಿ ಕೂರಿಸುವುದು ಥಂಡಿಯ ಊರುಗಳಲ್ಲಿ ಅರ್ಧದಷ್ಟು ಕಾಯಿಲೆಗೆ ಮದ್ದೆಂದರೆ ಅತಿಶಯೋಕ್ತಿಯೇನಲ್ಲ. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ಓಡಿಸಬೇಕು. ಮೆಮ್‌ಟೆಸ್ಟ್ ಎಂಬ ಉಚಿತ ತಂತ್ರಾಂಶವನ್ನು ರಾತ್ರಿಯಿಡೀ ಓಡಲು ಬಿಡಬೇಕು. ಯಂತ್ರವೇ ಕೆಟ್ಟಿದೆಯೋ ಅದರೊಳಗಿನ ತಂತ್ರಾಂಶ ಕೆಟ್ಟಿದೆಯೋ ತಿಳಿಯಲು ಪೆನ್‌ಡ್ರೈವ್‌ನಿಂದಲೇ ಓಡುವ ಲಿನಕ್ಸ್ ಇದೆ. ಹೊಲದ ಪ್ರಯೋಗದಲ್ಲಿ ಗೊಬ್ಬರ ಹಾಕದೆ ಬಿಡುವ ತಾಕು ಇದ್ದಂತೆ ಅದು. ಅದರಲ್ಲಿಯೂ ಯಂತ್ರ ನಿಂತರೆ ಫಾರ್ಮ್ಯಾಟ್ ಮಾಡಿ ಫಲವಿಲ್ಲ. ಅದರಲ್ಲಿ ಒಂದು ವಾರ ಚೆನ್ನಾಗಿ ಓಡಿದರೆ ಹೊಸ ಯಂತ್ರಕ್ಕೆ ಅರ್ಜಿ ಹಾಕುವ ಅಗತ್ಯವಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬ ನಿಯಮವನ್ನು ಕೃಷಿ ಪದವಿಯ ಮೊದಲ ವರ್ಷದಲ್ಲಿಯೇ ಕಲಿಸುತ್ತಾರೆ. ಕಂಪ್ಯೂಟರಿನ ಮುಂದೆ ಕುಳಿತಾಗ ಪದವೀಧರರೂ ಅದನ್ನು ಮರೆಯುತ್ತಾರೆ.

ಇಷ್ಟೆಲ್ಲ ತೊಂದರೆ ಏಕೆ, ಹೊಸದನ್ನೇ ತಂದರಾಯಿತಲ್ಲ ಎಂಬುವವರಿಗೆ ಒಂದು ಲೆಕ್ಕ. ವಿಶ್ವಸಂಸ್ಥೆಯ ವಿಶ್ವವಿದ್ಯಾನಿಲಯ 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆ ಕಾಲದ ಒಂದು ಕಂಪ್ಯೂಟರು ಮತ್ತು 17 ಅಂಗುಲದ ಮಾನಿಟರು ತಯಾರಾಗಲು ಸುಮಾರು 240 ಕಿಲೋ ಪಳೆಯುಳಿಕೆ ಇಂಧನ, 22 ಕಿಲೋ ರಾಸಾಯನಿಕ, 1500 ಕಿಲೋ ನೀರು ಬೇಕಾಗಿತ್ತು. ಅಂಗಡಿಯಲ್ಲಿ ಪ್ಲಗ್ ಹಾಕುವ ಮೊದಲೇ ಆದ ಖರ್ಚಿದು. ಇನ್ನೊಂದು ತುದಿಯಲ್ಲಿ, 2022ರಲ್ಲಿ ಜಗತ್ತು ಎಸೆದ ವಿದ್ಯುನ್ಮಾನ ಕಸ 6.2 ಕೋಟಿ ಟನ್ನು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಯ ದಾರಿ ಹಿಡಿದದ್ದು ಶೇಕಡಾ 22.3 ಎಂದು ವಿಶ್ವಸಂಸ್ಥೆಯ 2024ರ ವರದಿ ಹೇಳುತ್ತದೆ. ಉಳಿದದ್ದು ಎಲ್ಲಿ ಹೋಯಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ತಾಮ್ರಕ್ಕಾಗಿ ತಂತಿ ಸುಡುವ ಹೊಗೆ, ಬೋರ್ಡಿನ ಬೆಸುಗೆಯಲ್ಲಿದ್ದ ಸೀಸ, ಹಳೆಯ ಗಾಜಿನ ಮಾನಿಟರುಗಳ ಸೀಸ – ಎಲ್ಲವೂ ಯಾವುದೋ ಊರಿನ ಹಳ್ಳ ಸೇರುತ್ತವೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲ ಕೊನೆಗೊಂಡ ಮೇಲೆ, ಸರಿಯಾಗಿಯೇ ಓಡುತ್ತಿರುವ ಯಂತ್ರಗಳೂ ಹಳೆಯವೆಂಬ ಪಟ್ಟಿಗೆ ಸೇರಿವೆ. ಅಂಥದ್ದು ಒಮ್ಮೆ ಹ್ಯಾಂಗ್ ಆದರೆ ಅದನ್ನು ಹೊರಹಾಕಲು ನೆವ ಸಿಕ್ಕಂತೆಯೇ. ಅವುಗಳಲ್ಲಿ ಬಹಳಷ್ಟು ಲಿನಕ್ಸ್ ಹಾಕಿ ಇನ್ನೂ ಕೆಲವು ವರ್ಷ ಶಾಲೆಗಳಲ್ಲಿ ಬಳಸಬಹುದಾದ ಯಂತ್ರಗಳು.

ಹಾಗೆಂದು ಪ್ರತಿಯೊಂದು ಹಳೆಯ ಪೆಟ್ಟಿಗೆಯನ್ನೂ ಉಳಿಸಲೇಬೇಕೆಂಬುದು ವಾದವಲ್ಲ. ಗಾಜಿನ ದೊಡ್ಡ ಮಾನಿಟರು ನುಂಗುವ ವಿದ್ಯುತ್ತು ಹೆಚ್ಚು; ನಾಲ್ಕು ಸಲ ಬೆಸೆದ ಮದರ್‌ಬೋರ್ಡಿನ ಮೇಲೆ ರೈತರ ಕಡತಗಳನ್ನು ಇಡುವುದೂ ಜಾಣತನವಲ್ಲ. ಆಕ್ಷೇಪ ಇರುವುದು ಕಾರಣ ತಿಳಿಯದೆ ಕೊಡುವ ಮರಣಪತ್ರದ ಬಗ್ಗೆ. ಸಾರ್ವಜನಿಕ ಹಣದಲ್ಲಿ ಕಂಪ್ಯೂಟರು ಕೊಳ್ಳುವಾಗ ಪ್ರೊಸೆಸರಿನ ವೇಗ, ಡಿಸ್ಕಿನ ಗಾತ್ರವನ್ನು ಒಂದಂಕಿಯೂ ತಪ್ಪದಂತೆ ಟೆಂಡರಿನಲ್ಲಿ ನಮೂದಿಸುತ್ತಾರೆ. ಅದು ಕೂರುವ ಕೋಣೆಯ ಕಿಟಕಿ ಯಾವ ದಿಕ್ಕಿಗಿದೆ, ಅರ್ಥಿಂಗ್ ಗುಂಡಿ ಇದೆಯೇ, ಅದಕ್ಕೆ ನೀರು ಹಾಕುವವರು ಯಾರು ಎಂಬ ಪ್ರಶ್ನೆಗಳು ಕಾಗದದ ಮೇಲೆ ಬರುವುದೇ ಅಪರೂಪ. ವಾರ್ಷಿಕ ನಿರ್ವಹಣೆಯ ಒಪ್ಪಂದದಲ್ಲಿ ತಂತ್ರಜ್ಞ ಎಷ್ಟು ಸಲ ಬಂದನೆಂಬ ಲೆಕ್ಕವಿರುತ್ತದೆ, ಏನನ್ನು ಕಂಡುಹಿಡಿದನೆಂಬ ಲೆಕ್ಕವಿರುವುದಿಲ್ಲ. ಯಂತ್ರದ ಪಕ್ಕದಲ್ಲಿ ಒಂದು ನೋಟ್‌ಬುಕ್ ಕಡ್ಡಾಯವಾಗಬೇಕು. ‘ದುರಸ್ತಿಗೆ ಅಯೋಗ್ಯ’ ಎಂದು ಬರೆಯುವ ಮೊದಲು ಶಾಖ, ನೆಲಸಂಪರ್ಕ, ರ್ಯಾಮ್, ಡಿಸ್ಕ್ ಈ ನಾಲ್ಕನ್ನೂ ಪರೀಕ್ಷಿಸಿದ ಸಹಿ ಇರಬೇಕು. ಹೈಸ್ಕೂಲು ಮತ್ತು ಐಟಿಐ ವಿದ್ಯಾರ್ಥಿಗಳಿಗೆ ಈ ನಾಲ್ಕು ಪರೀಕ್ಷೆಗಳನ್ನು ಕಲಿಸಲು ಒಂದು ಭಾನುವಾರ ಸಾಕು. ಮಲೆನಾಡಿನ ಯುವಕ ಸಂಘಗಳು ಬೀಜೋಪಚಾರದ ಶಿಬಿರ ನಡೆಸಿದಂತೆಯೇ ಇದನ್ನೂ ನಡೆಸಬಹುದು.

ನಿಜಕ್ಕೂ ಸತ್ತ ಯಂತ್ರವನ್ನು ಗುಜರಿಯವರ ಸೈಕಲ್ಲಿಗೆ ಏರಿಸಬಾರದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ವಿದ್ಯುನ್ಮಾನ ತ್ಯಾಜ್ಯ ನಿಯಮಗಳ ಪ್ರಕಾರ ಅದರ ಮರುಬಳಕೆಯ ಹೊಣೆ ತಯಾರಕರ ಮೇಲಿದೆ, ನೋಂದಾಯಿತ ಮರುಬಳಕೆದಾರರ ಪಟ್ಟಿ ಮಾಲಿನ್ಯ ನಿಯಂತ್ರಣ ಮಂಡಳಿಯ ಬಳಿ ಸಿಗುತ್ತದೆ. ಒಂದೊಂದೇ ಪೆಟ್ಟಿಗೆಗಾಗಿ ಅವರು ಹಳ್ಳಿಗೆ ಬರಲಾರರು. ಹೋಬಳಿಯ ಶಾಲೆ, ಸಹಕಾರ ಸಂಘಗಳು ಸೇರಿ ಒಂದೆಡೆ ಕೂಡಿಟ್ಟರೆ ಬರುತ್ತಾರೆ. ಸತ್ತದ್ದರೊಳಗಿನ ಒಳ್ಳೆಯ ರ್ಯಾಮ್, ಫ್ಯಾನು, ಎಸ್‌ಎಂಪಿಎಸ್‌ಗಳನ್ನು ಅದಕ್ಕೂ ಮೊದಲೇ ಬಿಚ್ಚಿ ಹೆಸರು ಬರೆದು ಡಬ್ಬಿಯಲ್ಲಿಟ್ಟುಕೊಳ್ಳಬೇಕು. ಎರೆಸೀಮೆಯಲ್ಲಿ ಅರ್ಥಿಂಗ್ ಗುಂಡಿಗೆ ವಾರಕ್ಕೆರಡು ಕೊಡ ನೀರು ಫೆಬ್ರವರಿಯಿಂದ ಮುಂಗಾರು ಹಿಡಿಯುವವರೆಗೆ ಬೇಕು. ಮಲೆನಾಡಿನಲ್ಲಿ ಆ ಗುಂಡಿಯ ತಂತಿ ತುಕ್ಕು ಹಿಡಿದಿದೆಯೇ ಎಂದು ಏಪ್ರಿಲ್‌ನ ಗುಡುಗು ಮಳೆಗೆ ಮುನ್ನವೇ ನೋಡಬೇಕು. ದೂರದಲ್ಲಿ ಗುಡುಗು ಕೇಳಿದೊಡನೆ ಕರೆಂಟಿನ ಪ್ಲಗ್ಗಿನ ಜೊತೆಗೆ ಇಂಟರ್‌ನೆಟ್ಟಿನ ತಂತಿಯನ್ನೂ ಕಳಚಿಡಬೇಕು.